ಜೋರಮ್ಮನ ಮೂರನೇ ಕರು

ನಮ್ಮ ಬೀದಿಯಲ್ಲಿ ಯಾರದಾದರೂ ಹಸು ಕರು ಹಾಕಿದರೆ ಮೂರು ದಿನ ಯಾರಿಗೂ ಸರಿಯಾಗಿ ನಿದ್ದೆ ಇರುತ್ತಿರಲಿಲ್ಲ. ಹುಟ್ಟಿದ ದಿನವೇ ಕರುವನ್ನು ಎತ್ತಿಕೊಂಡು ಹೋಗಿ ಮನೆ ಹಿಂದಿನ ಸೌದೆ ಕೊಠಡಿಯಲ್ಲಿ ಕಟ್ಟುವುದು ನಮ್ಮಲ್ಲಿ ರೂಢಿ. ಕೊಟ್ಟಿಗೆಯಲ್ಲಿ ತಾಯಿ ಕೂಗುತ್ತಿತ್ತು, ಸೌದೆಯ ನಡುವೆ ಕರು ಕೂಗುತ್ತಿತ್ತು. ನಾವು ಕಿಟಕಿ ಮುಚ್ಚಿಕೊಳ್ಳುತ್ತಿದ್ದೆವು. ನಾಲ್ಕನೇ ದಿನ ಎರಡೂ ಸುಮ್ಮನಾದಾಗ "ಮರೆತುಬಿಟ್ವು" ಎನ್ನುತ್ತಿದ್ದೆವು. ನಿಜವಾಗಿ ಅವುಗಳ ಗಂಟಲು ಕಟ್ಟಿರುತ್ತಿತ್ತು.

ನಾನು ಹಾಲಿನ ಕೇಂದ್ರದಲ್ಲಿ ಹಾಲು ಅಳೆಯುವವಳು. ಯಾರ ಹಾಲಿಗೆ ನೀರು ಸೇರಿದೆ, ಯಾರ ಮನೆಯಲ್ಲಿ ಹಿಂದಿನ ದಿನ ಜಗಳವಾಗಿದೆ ಎಂಬುದು ಕ್ಯಾನಿನ ಮುಚ್ಚಳ ತೆಗೆಯುವ ರೀತಿಯಲ್ಲೇ ನನಗೆ ಗೊತ್ತಾಗುತ್ತದೆ. ಹಾಗಾಗಿ ಈ ಕಥೆಯನ್ನು ನಾನೇ ಹೇಳುವುದು ಸರಿ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಕಿಟಕಿ ಮುಚ್ಚಿದವರಲ್ಲಿ ನಾನೂ ಒಬ್ಬಳು.

ಕೇಂದ್ರದ ಎದುರಿನ ಮನೆ ಹೌದಾ ಮಾವನದು. ಏನೇ ಹೇಳಿದರೂ "ಹೌದಾ?" ಎಂದು ರಾಗ ಎಳೆಯುತ್ತಾರೆ, ಅದಕ್ಕೇ ಆ ಹೆಸರು. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಬಂದವರು ಮಳೆ ಬರುತ್ತಿದೆ ಎಂದರೂ ಕೈ ಹೊರಗೆ ಚಾಚಿ ನೋಡುವ ಆಸಾಮಿ. ಮಗ ಗಿರಣಿಯಲ್ಲಿ ಪಾಳಿ ಕೆಲಸ ಮಾಡುತ್ತಾನೆ. ಕೊಟ್ಟಿಗೆಯ ಕೆಲಸವೆಲ್ಲ ಸೊಸೆಯದು, ಕೊಟ್ಟಿಗೆಯ ಮಾತೆಲ್ಲ ಮಾವನದು.

ಅವರ ಹಸುವಿನ ಹೆಸರು ಜೋರಮ್ಮ. ಮೇವು ತಡವಾದರೆ ಬಕೆಟ್ ಒದೆಯುವ ಹಸು, ಆದರೆ ಹಾಲಿನಲ್ಲಿ ಬೀದಿಗೇ ಮೇಲು. ಒಂದೇ ಕೊರಗು ಎಂದರೆ ಅದರ ಕರುಗಳು ಉಳಿಯುತ್ತಿರಲಿಲ್ಲ. ಎರಡು ಹೆಣ್ಣು ಕರುಗಳು, ಎರಡೂ ತಿಂಗಳು ತುಂಬುವ ಮೊದಲೇ ಭೇದಿಯಾಗಿ ಹೋದವು. ಎರಡನೆಯದು ಸೊಸೆಯ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಪ್ರಾಣ ಬಿಟ್ಟಿತು. ಆ ದಿನ ಅವಳು ಕೇಂದ್ರಕ್ಕೆ ಹಾಲು ತಂದಳು, ಕ್ಯಾನು ಇಟ್ಟಳು, ಅಳತೆ ಬರೆಸಿಕೊಳ್ಳದೆ ಹೋದಳು. ಜೋರಮ್ಮನಿಗೂ ವಯಸ್ಸಾಗುತ್ತಿತ್ತು. ಈಗ ಮೂರನೇ ಸಲ ಗಬ್ಬವಾಗಿತ್ತು. ಈ ಕರುವೂ ಉಳಿಯದಿದ್ದರೆ ಆ ಕೊಟ್ಟಿಗೆಯಲ್ಲಿ ಮುಂದೆ ಹಾಲು ಕರೆಯುವ ಹಸುವೇ ಇರುತ್ತಿರಲಿಲ್ಲ.

ಅದೇ ಹೊತ್ತಿಗೆ ನಮ್ಮ ಕೇಂದ್ರದಲ್ಲಿ ಹದಿನೈದು ದಿನಕ್ಕೊಮ್ಮೆ ಕಲಿಕೆಯ ಸಭೆ ಶುರುವಾಯಿತು. ಸಭೆ ಎಂದರೆ ದೊಡ್ಡದೇನಲ್ಲ. ಕ್ಯಾನು ತೊಳೆಯುವ ಕೋಣೆಯಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂರುವುದು, ಅಷ್ಟೆ. ಕಲಿಸಲು ಬಂದವಳು ಸೂಜಿಯಕ್ಕ. ದನದ ಆಸ್ಪತ್ರೆಯಿಂದ ಮನೆಮನೆಗೆ ಬಂದು ಲಸಿಕೆ ಹಾಕುವವಳು. ಅವಳ ಸ್ಕೂಟರ್ ಸದ್ದು ಕೇಳಿದರೆ ಹಸುಗಳೂ ಮುಖ ತಿರುಗಿಸುತ್ತವೆ.

"ಈ ಸಲ ಯಾರ ಮನೇಲಿ ಕರು ಹುಟ್ಟುತ್ತೋ ಅವರು ಕರುನ ತಾಯಿ ಹತ್ರಾನೇ ಬಿಟ್ಟು ನೋಡಿ" ಎಂದಳು ಸೂಜಿಯಕ್ಕ.

"ಹೌದಾ? ಮತ್ತೆ ಕೇಂದ್ರಕ್ಕೆ ನಾನೇನು ತರ್ಲಿ, ಹಸು ಫೋಟೋನಾ?" ಎಂದರು ಮಾವ.

ಎಲ್ಲರೂ ನಕ್ಕರು. ಸೂಜಿಯಕ್ಕನೂ ನಕ್ಕಳು. "ಮೊದಲ ಕೆಲವು ವಾರ ಕಡಿಮೆ ತರ್ತೀರಿ ಮಾವ, ಸುಳ್ಳು ಹೇಳಲ್ಲ. ಕರು ಕುಡಿದಷ್ಟು ಕಡಿಮೆ. ಆದ್ರೆ ಆ ಹಾಲು ಎಲ್ಲಿಗೂ ಹೋಗಲ್ಲ. ನಿಮ್ಮ ಕೊಟ್ಟಿಗೇಲೇ ನಾಲ್ಕು ಕಾಲ ಮೇಲೆ ನಿಂತಿರುತ್ತೆ."

"ಬಕೆಟ್‌ನಲ್ಲಿ ಕುಡಿಸಿದ್ರೂ ಅದೇ ಹಾಲು ತಾನೆ?"

"ಎಷ್ಟು ಕುಡಿಸ್ತೀರಿ? ಎಷ್ಟು ನೀರು ಬೆರೆಸ್ತೀರಿ?"

ಮಾವ ತಮ್ಮ ಚಪ್ಪಲಿ ನೋಡಿಕೊಂಡರು. ನಾವೂ ನಮ್ಮನಮ್ಮ ಚಪ್ಪಲಿ ನೋಡಿಕೊಂಡೆವು. ಎಲ್ಲರ ಮನೆಯ ಕರುವಿನ ಬಕೆಟ್ಟಿನ ಹಾಲೂ ಒಂದೇ ಬಣ್ಣದ್ದು, ನೀರಿನ ಬಣ್ಣದ್ದು.

"ತಾಯಿ ಹತ್ರ ಇದ್ರೆ ದಿನಕ್ಕೆ ಹತ್ತಾರು ಸಲ ಸ್ವಲ್ಪಸ್ವಲ್ಪ ಕುಡಿಯುತ್ತೆ, ಬಿಸಿಬಿಸಿ ಕುಡಿಯುತ್ತೆ. ನಾವು ಎರಡು ಹೊತ್ತು ತಣ್ಣಗಿರೋದನ್ನ ಒಟ್ಟಿಗೆ ಸುರೀತೀವಿ. ತಾಯಿ ಮೈ ನೆಕ್ಕಿ ನೆಕ್ಕಿ ಅದರ ರಕ್ತ ಓಡಾಡೋ ಹಾಗೆ ಮಾಡುತ್ತೆ. ತಾಯಿ ಮೇವು ತಿನ್ನೋದು ನೋಡಿ ಅದೂ ಬೇಗ ಮೇವಿಗೆ ಬಾಯಿ ಹಾಕುತ್ತೆ. ಸೌದೆ ನೋಡಿ ಏನು ಕಲಿಯುತ್ತೆ, ಹೇಳಿ."

ಆಗ ಮೂಲೆಯಲ್ಲಿದ್ದ ಸೊಸೆ ಎದ್ದು ನಿಂತಳು. ಸಭೆಯಲ್ಲಿ ಅವಳ ದನಿ ನಾವು ಕೇಳಿದ್ದು ಅದೇ ಮೊದಲು.

"ಮಾವ, ಈ ಸಲ ತಾಯಿ ಹತ್ರ ಬಿಡೋಣ. ಈ ಕರುವೂ ಹೋದ್ರೆ ನಾನು ಆ ಕೊಟ್ಟಿಗೆಗೆ ಕಾಲಿಡಲ್ಲ. ಜಗಳ ಅಲ್ಲ ಇದು. ಹೇಳ್ತಿದ್ದೀನಿ ಅಷ್ಟೆ."

ಮಾವ ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡರು. "ಒಂದು ತಿಂಗಳು. ಅಷ್ಟರೊಳಗೆ ಏನಾದ್ರೂ ಎಡವಟ್ಟಾದ್ರೆ ಕರು ಹಿಂದಿನ ಕೊಠಡಿಗೆ. ಆಮೇಲೆ ನನ್ನ ಹತ್ರ ಯಾರೂ ಮಾತಾಡಬಾರದು."

ಎರಡು ಹಸು ಸಾಕಿರುವ ಟೈಲರಣ್ಣ ಕೊರಳಿನ ಟೇಪು ತೆಗೆದು ತೋರಿಸಿದ. "ಪ್ರತಿ ಭಾನುವಾರ ಎಲ್ಲಾ ಕರುಗಳ ಎದೆ ಸುತ್ತಳತೆ ನಾನು ತಗೋತೀನಿ. ಮನುಷ್ಯರಾದ್ರೆ ಹೊಟ್ಟೆ ಒಳಗೆ ಎಳ್ಕೊಂಡು ಅಳತೆ ಕೊಡ್ತಾರೆ. ಕರು ಮೋಸ ಮಾಡಲ್ಲ."

ಜೋರಮ್ಮ ಕರು ಹಾಕಿದ್ದು ಒಂದು ಬೆಳಗ್ಗೆ, ನಾನು ಕೇಂದ್ರದ ಬಾಗಿಲು ಹಾಕುವ ಹೊತ್ತಿಗೆ. ಓಡಿದೆ. ಸೂಜಿಯಕ್ಕನೂ ಬಂದಿದ್ದಳು. ಹೆಣ್ಣು ಕರು. ಇನ್ನೂ ಒದ್ದೆ ಮೈ, ನಡುಗುವ ಕಾಲು. ಆದರೆ ಅದರ ಕೊರಳಿಗೆ ಆಗಲೇ ಹಗ್ಗ ಬಿದ್ದಿತ್ತು. ಹಗ್ಗದ ಇನ್ನೊಂದು ತುದಿ ಮಾವನ ಕೈಯಲ್ಲಿತ್ತು.

"ಕಸ ಬೀಳ್ಲಿ, ಆಮೇಲೆ ಬಿಡ್ತೀನಿ" ಎಂದರು ಮಾವ.

ಕರು ಹಾಕಿದ ಮೇಲೆ ಹಸುವಿನ ಹೊಟ್ಟೆಯಿಂದ ಬೀಳುವ ಮಾಸಿಗೆ ನಾವು ಕಸ ಎನ್ನುತ್ತೇವೆ. ಕಸ ಬೀಳುವ ಮೊದಲು ಕರುವಿಗೆ ಹಾಲು ಬಿಟ್ಟರೆ ಕೇಡು ಎಂಬುದು ನಮ್ಮ ಬೀದಿಯ ಗಟ್ಟಿ ನಂಬಿಕೆ. ಯಾರು ಹೇಳಿದ್ದು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಎಲ್ಲರೂ ಹಾಗೇ ಮಾಡುತ್ತಿದ್ದೆವು.

"ಮಾವ, ಗಿಣ್ಣು ಹಾಲು ಅಂದ್ರೆ ಕರುವಿನ ಮೊದಲ ಲಸಿಕೆ" ಎಂದಳು ಸೂಜಿಯಕ್ಕ. "ಹುಟ್ಟಿದ ಕರು ಮೈಯಲ್ಲಿ ರೋಗ ತಡೆಯೋ ಶಕ್ತಿ ಇರಲ್ಲ. ಈ ಹಾಲಿಂದಾನೇ ಬರಬೇಕು. ಮೊದಲ ಒಂದೆರಡು ಗಂಟೇಲಿ ಕುಡಿದ್ರೆ ಪೂರ್ತಿ ಹೀರ್ಕೊಳ್ಳುತ್ತೆ. ತಡ ಆದಷ್ಟೂ ಹೊಟ್ಟೆ ಬಾಗಿಲು ಮುಚ್ತಾ ಹೋಗುತ್ತೆ. ಸಂಜೆ ಹೊತ್ತಿಗೆ ಎಷ್ಟು ಕುಡಿಸಿದ್ರೂ ಅರ್ಧ ನಷ್ಟ."

"ಹೌದಾ? ಕಸ ಒಳಗೇ ನಿಂತ್ಬಿಟ್ರೆ ನೀನು ಬಂದು ತೆಗೀತೀಯಾ?"

"ಕರು ಚೀಪಿದ್ರೆ ಗರ್ಭ ಹಿಂಡಿ ಕಸ ಇನ್ನೂ ಬೇಗ ಬೀಳುತ್ತೆ ಮಾವ. ನೀವು ಉಲ್ಟಾ ಮಾಡ್ತಿದ್ದೀರಿ."

ಮಾವ ಹಗ್ಗ ಬಿಡಲಿಲ್ಲ. ಜೋರಮ್ಮ ಕತ್ತು ಚಾಚಿ ಕರುವನ್ನು ಮುಟ್ಟಲು ನೋಡುತ್ತಿತ್ತು, ಒಂದು ಗೇಣು ದೂರ ಉಳಿಯುತ್ತಿತ್ತು. ಸೊಸೆ ಹೋಗಿ ಮಾವನ ಎದುರು ನಿಂತಳು. ಹಗ್ಗದ ಮೇಲೆ ಕೈಯಿಟ್ಟಳು.

"ಮೊದಲನೇ ಕರು ಮಧ್ಯಾಹ್ನದ ತನಕ ಕಾಯಿತು. ಎರಡನೇದು ಸಂಜೆ ತನಕ ಕಾಯಿತು. ಹೆಸರೇ ಕಸ, ಮಾವ. ಕಸಕ್ಕೋಸ್ಕರ ಇನ್ನೊಂದು ಕರು ಕಾಯಬೇಕಾ?"

ಮಾವ ಜೋರಮ್ಮನತ್ತ ನೋಡಿದರು. ಬೆರಳು ಸಡಿಲವಾಯಿತು. ಸೊಸೆ ಹಗ್ಗ ಬಿಚ್ಚಿ ಪಕ್ಕಕ್ಕೆಸೆದಳು.

ಕರು ಎದ್ದಿತು, ಬಿದ್ದಿತು, ಮತ್ತೆ ಎದ್ದಿತು. ತಾಯಿಯ ಮುಂಗಾಲಿನ ನಡುವೆ ತಲೆ ತೂರಿಸಿ ಅಲ್ಲಿ ಕೆಚ್ಚಲು ಹುಡುಕಿತು. "ಅಯ್ಯೋ ಪೆದ್ದಿ, ಆ ಕಡೆ ಅಲ್ಲ" ಎಂದು ಗೊಣಗಿದವರು ಬೇರೆ ಯಾರೂ ಅಲ್ಲ, ಮಾವನೇ. ಸೊಸೆ ಕೆಚ್ಚಲನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ, ಪ್ರತಿ ಮೊಲೆಯಿಂದ ಒಂದೊಂದು ಧಾರೆ ಹಿಂಡಿ ಚೆಲ್ಲಿ, ಕರುವಿನ ಬಾಯಿಯನ್ನು ಅಲ್ಲಿಗೆ ತಂದಳು. ಚಪ್ ಚಪ್ ಎಂಬ ಸದ್ದು ಕೇಳಿಸಿತು. ಸೂಜಿಯಕ್ಕ ಹೊಕ್ಕುಳಿಗೆ ಅಯೋಡಿನ್ ಹಚ್ಚಿದಳು. ಮಧ್ಯಾಹ್ನದೊಳಗೆ ಕಸ ತಾನಾಗಿಯೇ ಬಿತ್ತು. ಮಾವ ಅದನ್ನು ಹೂಳಲು ಗುದ್ದಲಿ ಹಿಡಿದು ಹೋದರು. ಎಂದಿಗಿಂತ ಆಳವಾಗಿಯೇ ಅಗೆಯುತ್ತಿದ್ದರು. ಮುಖ ತೋರಿಸಲು ಇಷ್ಟವಿರಲಿಲ್ಲವೇನೋ.

ಎಲ್ಲವೂ ಅಲ್ಲಿಗೇ ಸುಖಾಂತ್ಯವಾಯಿತು ಎಂದರೆ ನೀವು ನಂಬಬೇಡಿ. ಹತ್ತನೇ ದಿನದ ಹೊತ್ತಿಗೆ ಮಾವನ ಕ್ಯಾನು ಅರ್ಧಕ್ಕಿಂತ ಕೆಳಗಿಳಿಯಿತು. ಹಗಲೂ ಇರುಳೂ ಕರು ಜೊತೆಗಿತ್ತು, ಕುಡಿಯುತ್ತಿತ್ತು. ಅದರ ಮೇಲೆ ಜೋರಮ್ಮ ಸೊಸೆಯ ಕೈಗೆ ಹಾಲಿಳಿಸದೆ ಎತ್ತಿಟ್ಟುಕೊಳ್ಳತೊಡಗಿತು. ಮಾವ ಕೇಂದ್ರದ ಮೆಟ್ಟಿಲ ಮೇಲೆ ಕ್ಯಾನು ಕುಕ್ಕಿದರು.

"ನೋಡಿ, ನೋಡಿ ಎಲ್ಲರೂ. ಕಳ್ಳ ಹಸು ಮಾಡಿಟ್ಟಿದ್ದಾಳೆ ನಿಮ್ಮ ಸೂಜಿಯಕ್ಕ."

ಹಾಲಿನ ವ್ಯಾನಿನ ಡ್ರೈವರ್ ಕೂಡ ಸೇರಿಕೊಂಡ. ಅವನ ಹಸುವೂ ಅದೇ ವಾರ ಕರು ಹಾಕಿತ್ತು. ಅವನು ಹಳೆಯ ರೂಢಿಯಂತೆ ಬೇರೆ ಕಟ್ಟಿ ಬಕೆಟ್ ಕುಡಿಸುತ್ತಿದ್ದ. "ನಂದು ತುಂಬಿದ ಕ್ಯಾನು ಮಾವ" ಎಂದು ಹಲ್ಲು ಕಿರಿದ. ಆ ಹೊತ್ತಿಗೆ ನನಗೂ ಅಳುಕಾಯಿತು. ಕ್ಯಾನಿನ ತಳ ಕಾಣುವುದು ನನಗೂ ಇಷ್ಟವಿಲ್ಲ.

ಹದಿನೈದನೇ ದಿನದ ಸಭೆಗೆ ಮಾವ ಜಗಳಕ್ಕೆಂದೇ ಬಂದರು. ಉತ್ತರ ಕೊಟ್ಟವನು ಟೈಲರಣ್ಣ. ಅವನ ಕರು ಜೋರಮ್ಮನ ಕರುವಿಗಿಂತ ತಿಂಗಳು ದೊಡ್ಡದು.

"ನನಗೂ ಹಿಂಗೇ ಆಗಿತ್ತು ಮಾವ. ಹಾಲು ಕಡಿಮೆ ಆಯ್ತು ಅಂತ ರಾತ್ರಿ ಹೊತ್ತು ಕರುನ ಬೇರೆ ಮಾಡಿದೆ. ನಡುವೆ ಹಲಗೆ ಬಡಿದೆ. ತಾಯಿಗೆ ಕರು ಕಾಣ್ಲಿಲ್ಲ, ರಂಪ ಮಾಡಿ ಕಣ್ಣಿ ಹರಿದು ಹಾಕ್ತು. ಬೆಳಗ್ಗೆ ಒಂದು ತೊಟ್ಟು ಹಾಲು ಕೊಡ್ಲಿಲ್ಲ. ತಪ್ಪು ಹೊಲಿಗೆ ಅಂತ ಗೊತ್ತಾಯ್ತು, ಬಿಚ್ಚಿ ಮತ್ತೆ ಹೊಲಿದೆ. ಹಲಗೆ ಕಿತ್ತು ಅಡ್ಡಕ್ಕೆ ಬಿದಿರಿನ ಗಳ ಹಾಕಿದೆ. ಈಗ ರಾತ್ರಿ ಮೂತಿಗೆ ಮೂತಿ ತಾಗಿಸ್ಕೊಂಡು ಮಲಗ್ತಾವೆ, ಆದ್ರೆ ಕರುಗೆ ಕೆಚ್ಚಲು ಸಿಗಲ್ಲ. ಬೆಳಗ್ಗೆ ಕೆಚ್ಚಲು ತುಂಬಿರುತ್ತೆ. ನಾನು ಹಾಲು ಕರ್ಕೊಳ್ತೀನಿ. ಆಮೇಲೆ ಸಂಜೆ ತನಕ ತಾಯಿ ಮಗು ಒಟ್ಟಿಗೆ."

"ಮತ್ತೆ ಕದಿಯೋದು?" ಎಂದರು ಮಾವ.

"ಕದಿಯೋದಲ್ಲ ಅದು" ಎಂದಳು ಸೂಜಿಯಕ್ಕ. "ಹಸು ಮನಸ್ಸು ಹಗುರ ಆದ್ರೆ ಮಾತ್ರ ಸೊರ ಬಿಡುತ್ತೆ, ಅಂದ್ರೆ ಹಾಲು ಕೆಳಗಿಳಿಸುತ್ತೆ. ಬೆಳಗ್ಗೆ ಮೊದಲು ಕರುಗೆ ಎರಡು ಗುಟುಕು ಕುಡಿಸಿ, ತಾಯಿ ಮುಂದೆ ನಿಲ್ಲಿಸಿ, ಅದು ನೆಕ್ತಾ ಇರೋವಾಗ ಕರೀರಿ. ಕೊನೇಲಿ ಸ್ವಲ್ಪ ಕರುಗೆ ಉಳಿಸಿ. ಕರು ಎರಡು ವಾರ ದಾಟಿದೆ, ಚೆನ್ನಾಗಿ ಕುಡೀತಿದೆ. ಇವತ್ತಿಂದಾನೇ ಶುರು ಮಾಡಬಹುದು."

"ಯಾರ ಹಾಲು ಯಾರು ಕದೀತಿದ್ದಾರೆ ಅಂತ ಹಸುನ ಕೇಳಿದ್ರೆ ಗೊತ್ತಾಗುತ್ತೆ" ಎಂದಳು ಸೊಸೆ ಮೆಲ್ಲಗೆ. ಮಾವ ಕೇಳಿಸದವರಂತೆ ಇದ್ದರು. ಆದರೆ ಮರುದಿನ ಗಳ ಕಟ್ಟಿದ್ದು ಅವರೇ. ನಾಲ್ಕೈದು ದಿನದಲ್ಲಿ ಜೋರಮ್ಮ ದಾರಿಗೆ ಬಂತು. ಕ್ಯಾನು ತುಂಬಲಿಲ್ಲ, ಆದರೆ ಅರ್ಧ ದಾಟಿತು. ಕುಕ್ಕುವುದು ನಿಂತಿತು.

ಇಪ್ಪತ್ತೆರಡನೇ ದಿನ ಕರುವಿಗೆ ಭೇದಿಯಾಯಿತು.

ನಾನು ಹೋದಾಗ ಕರು ಬಾಲ ಒದ್ದೆ ಮಾಡಿಕೊಂಡು ಗೋಡೆಗೊರಗಿ ಮಲಗಿತ್ತು. ಸೊಸೆ ಅದರ ಪಕ್ಕ ಕೂತಿದ್ದಳು. ಮಾವ ಬಾಗಿಲಲ್ಲಿ ನಿಂತಿದ್ದರು, ಮುಖ ಬಿಳಿಚಿತ್ತು. "ಹಾಲು ಹೆಚ್ಚಾಗಿದೆ. ನಾನು ಹೇಳಿದ್ದೆ. ಕರು ಹಿಂದಕ್ಕೆ ಕಟ್ಟಿ, ಹಾಲು ನಿಲ್ಲಿಸಿ. ಮಾತಾದ ಹಾಗೆ ನಡೀಲಿ."

"ಇಲ್ಲ" ಎಂದಳು ಸೊಸೆ.

"ಮಾತು ಮಾತೇ ಅಲ್ವಾ?"

"ಆ ಎರಡಕ್ಕೂ ಭೇದಿ ಆದಾಗ ಹಾಲು ನಿಲ್ಲಿಸಿದ್ವಿ ಮಾವ. ಎರಡೂ ಮೂರನೇ ದಿನ ಹೋದ್ವು. ಈ ಸಲ ನಿಲ್ಲಿಸಲ್ಲ. ಸೂಜಿಯಕ್ಕ ಬರ್ತಿದ್ದಾಳೆ. ಅವಳು ಹೇಳಿದ ಹಾಗೆ ಮಾಡ್ತೀನಿ. ನೀವು ಬೈದ್ರೂ ಸರಿ, ಇಲ್ಲಿಂದ ಏಳಲ್ಲ."

ಅವಳು ಏಳಲಿಲ್ಲ. ಸೂಜಿಯಕ್ಕ ಬಂದು ಕರುವಿನ ಚರ್ಮ ಹಿಡಿದೆಳೆದು ನೋಡಿದಳು, ಕಣ್ಣು ನೋಡಿದಳು, ಆಸ್ಪತ್ರೆಯ ಡಾಕ್ಟರಿಗೆ ಫೋನು ಮಾಡಿದಳು. ಆಮೇಲೆ ಮಾವನತ್ತ ತಿರುಗಿದಳು.

"ಭೇದಿ ಆದಾಗ ಮೈಯ ನೀರು, ಉಪ್ಪು ಹೊರಗೆ ಹೋಗುತ್ತೆ. ಕರು ಸಾಯೋದು ಅದರಿಂದ. ಹಾಲು ನಿಲ್ಲಿಸಿದ್ರೆ ಶಕ್ತಿನೂ ಹೋಗುತ್ತೆ. ತಾಯಿ ಹಾಲು ಕುಡೀತಾ ಇರ್ಲಿ. ನಡುನಡುವೆ ಈ ಲವಣದ ಪುಡಿ ಕಲಸಿದ ಉಗುರುಬೆಚ್ಚಗಿನ ನೀರು ಕುಡಿಸಿ. ನೆಲ ಒದ್ದೆ ಇದೆ, ಒಣ ಹುಲ್ಲು ಹಾಸಿ. ನಾಳೆ ಡಾಕ್ಟರು ಬರ್ತಾರೆ."

ಮಾವ ಸರ್ರನೆ ಹೊರಗೆ ಹೋದರು. ಸಿಟ್ಟಾದರು ಎಂದುಕೊಂಡೆವು. ಸ್ವಲ್ಪ ಹೊತ್ತಿಗೆ ಒಣ ಹುಲ್ಲಿನ ಹೊರೆ ತಬ್ಬಿಕೊಂಡು ಬಂದರು. ಮಂಡಿಯೂರಿ ತಾವೇ ಒದ್ದೆ ಹುಲ್ಲು ಬಳಿದು ತೆಗೆದರು. ಕರುವಿಗೆ ನಿಲ್ಲಲು ಆಗುತ್ತಿರಲಿಲ್ಲ. ಅದರ ಹೊಟ್ಟೆಯ ಕೆಳಗೆ ಕೈ ಕೊಟ್ಟು ಎತ್ತಿ ಹಿಡಿದರು, ಸೊಸೆ ಮೊಲೆ ಬಾಯಿಗಿಟ್ಟಳು. ಜೋರಮ್ಮ, ಮೇವು ತಡವಾದರೂ ಒದೆಯುವ ಆ ಹಸು, ಕಾಲು ಕದಲಿಸದೆ ನಿಂತಿತ್ತು.

ಎರಡನೇ ದಿನ ಡಾಕ್ಟರು ಬಂದು ಔಷಧಿ ಕೊಟ್ಟರು. ಮೂರನೇ ದಿನ ಬೆಳಗ್ಗೆ ಮಾವ ಕ್ಯಾನು ತಂದರು. ನಾನು ಕೇಳಲು ಹೆದರಿದೆ. ಮುಚ್ಚಳ ತೆಗೆದು ಅಳತೆಗೆ ಬಗ್ಗಿದೆ. ಹಾಲು ತೀರಾ ಕಡಿಮೆ ಇತ್ತು.

"ಇಷ್ಟೇ ಇವತ್ತು" ಎಂದರು ಮಾವ. "ಉಳಿದದ್ದೆಲ್ಲ ಆ ಪೆದ್ದೀನೇ ಕುಡಿದಳು. ಎದ್ದು ನಿಂತು ಕುಡಿದಳು." ಅಷ್ಟು ಹೇಳುವಾಗ ಅವರ ಕಣ್ಣು ತುಂಬಿ ಬಂತು. ನನ್ನದೂ ತುಂಬಿತು.

ಮುಂದಿನ ಭಾನುವಾರ ಟೈಲರಣ್ಣನ ಟೇಪು ಎರಡು ಮನೆಗೆ ಹೋಯಿತು. ಹುಟ್ಟಿದಾಗ ಎರಡೂ ಕರುಗಳ ಎದೆ ಇಪ್ಪತ್ತೇಳು ಇಂಚು. ಡ್ರೈವರನ ಬಕೆಟ್ ಕರು ಇಪ್ಪತ್ತೊಂಬತ್ತಕ್ಕೆ ಬಂದಿತ್ತು. ಜೋರಮ್ಮನ ಕರು ಭೇದಿ ಗೆದ್ದ ಮೇಲೂ ಮೂವತ್ತೊಂದೂವರೆ. ಡ್ರೈವರ್ ಟೇಪನ್ನು ತಿರುಗಿಸಿ ಮುರುಗಿಸಿ ನೋಡಿದ. ಟೇಪು ಸಡಿಲ ಹಿಡಿದಿದ್ದಾರೆ ಎಂದ. ತಾನೇ ಅಳೆದ. ಅಷ್ಟೇ ಬಂತು.

"ನಮ್ಮನೇಲೂ ಇನ್ನೊಂದು ಗಬ್ಬ ಇದೆ" ಎಂದ ಸಭೆಯಲ್ಲಿ. "ಆದ್ರೆ ಬಿಡಿಸೋದು ಹೇಗೆ? ದೊಡ್ಡದಾದ ಮೇಲೆ ಬೇರೆ ಮಾಡಿದ್ರೆ ಇನ್ನೂ ಜೋರಾಗಿ ಕೂಗಲ್ವಾ?"

"ಒಂದೇ ಏಟಿಗೆ ಮಾಡಿದ್ರೆ ಕೂಗುತ್ತೆ" ಎಂದಳು ಸೂಜಿಯಕ್ಕ. "ಮೂರು ನಾಲ್ಕು ತಿಂಗಳಾಗಿ, ಮೇವು ಚೆನ್ನಾಗಿ ತಿನ್ನೋಕೆ ಶುರು ಮಾಡಿದ ಮೇಲೆ, ಜೊತೆಗಿರೋ ಹೊತ್ತು ವಾರವಾರ ಕಡಿಮೆ ಮಾಡಿ. ಗಳದ ಆಚೆ ಈಚೆ ಕಾಣೋ ಹಾಗೇ ಇರ್ಲಿ. ಇನ್ನೊಂದು ಮಾತು. ಹಸುಗೆ ಕೆಚ್ಚಲು ಬಾವು ಅಥವಾ ಅಂಟೋ ರೋಗ ಇದ್ರೆ ಮೊದಲು ಡಾಕ್ಟರನ್ನ ಕೇಳಿ."

ಡ್ರೈವರ್ ಇನ್ನೂ ಅನುಮಾನದಿಂದ ತಲೆ ಕೆರೆದುಕೊಳ್ಳುತ್ತಿದ್ದ. ಆಗ ಮಾವ ಎದ್ದರು. ಸಭೆಯಲ್ಲಿ ಮಾವ ಎದ್ದು ನಿಂತು ಮಾತಾಡಿದ್ದು ಅದೊಂದೇ ಸಲ.

"ನೋಡಪ್ಪ, ನನ್ನ ಎರಡು ಕರು ಸತ್ವು. ರೋಗ ಬಂತು, ಸತ್ವು ಅಂತ ಊರೆಲ್ಲ ಹೇಳ್ಕೊಂಡು ಬಂದೆ. ರೋಗ ಈ ಮೂರನೇದಕ್ಕೂ ಬಂತು. ಇದು ಸಾಯ್ಲಿಲ್ಲ. ಹಾಗಾದ್ರೆ ಆ ಎರಡನ್ನ ಕೊಂದಿದ್ದು ಯಾರು?"

ಸೊಸೆ ತಲೆ ತಗ್ಗಿಸಿದಳು.

"ನಾನು" ಎಂದರು ಮಾವ. "ಹುಟ್ಟಿದ ತಕ್ಷಣ ಹಾಲು ಕೊಡ್ಲಿಲ್ಲ. ಕೊಟ್ಟಾಗ ನೀರು ಬೆರೆಸಿ ಕೊಟ್ಟೆ. ಕಾಯಿಲೆ ಬಿದ್ದಾಗ ಅದನ್ನೂ ಕಿತ್ಕೊಂಡೆ. ಒಂದು ಮಾರು ದೂರದಲ್ಲಿ ತಾಯಿ ಕೆಚ್ಚಲು ತುಂಬ್ಕೊಂಡು ಕೂಗ್ತಾ ನಿಂತಿತ್ತು. ಅದು ಏನು ಹೇಳ್ತಿದೆ ಅಂತ ನನಗೆ ಗೊತ್ತಾಗ್ಲಿಲ್ಲ. ನಿನಗೆ ಈಗ ಗೊತ್ತಾಗಿದೆ. ಗೊತ್ತಾದ ಮೇಲೂ ಮಾಡದೆ ಇರಬೇಡ." ಹೇಳಿ ಕೂತುಬಿಟ್ಟರು.

ಓದುವವರೇ, ಕೇಳುವವರೇ, ಈಗ ನಿಮಗೂ ಗೊತ್ತಾಗಿದೆ. ನಿಮ್ಮ ಹಸುವಿನ ದಿನ ಹತ್ತಿರವಿದ್ದರೆ ಕರುವಿನ ಜಾಗವನ್ನು ತಾಯಿಗೆ ಕಾಣುವಂತೆ ಇವತ್ತೇ ಮಾಡಿಕೊಳ್ಳಿ. ಕರು ಹುಟ್ಟಿದ ಮೊದಲ ಗಂಟೆಯಲ್ಲೇ ಗಿಣ್ಣು ಹಾಲು ಕುಡಿಸಿ, ಯಾವುದಕ್ಕೂ ಕಾಯಬೇಡಿ. ಹಗಲು ತಾಯಿಯ ಜೊತೆ ಬಿಡಿ. ಭೇದಿಯಾದರೆ ಹಾಲು ನಿಲ್ಲಿಸದೆ ಡಾಕ್ಟರನ್ನು ಕರೆಯಿರಿ. ಕೆಲವು ವಾರ ಕ್ಯಾನು ಕಡಿಮೆಯಾಗುತ್ತದೆ, ಹಾಲು ಅಳೆಯುವವಳೇ ಹೇಳುತ್ತಿದ್ದೇನೆ, ಹೆದರಬೇಡಿ. ಒಬ್ಬರೇ ಮಾಡಲು ಧೈರ್ಯ ಸಾಲದಿದ್ದರೆ ನಾಲ್ಕು ಮನೆಯವರು ಸೇರಿ, ತಪ್ಪಾದದ್ದನ್ನೂ ಮುಚ್ಚಿಡದೆ ಹೇಳಿಕೊಳ್ಳಿ.

ನಿಮ್ಮ ಕೊಟ್ಟಿಗೆಯಲ್ಲೂ ತಿಂಗಳು ತುಂಬದೆ ಹೋದ ಒಂದೆರಡು ಕರುಗಳಿದ್ದಾವು. ಅವನ್ನು ನೆನೆದು ನೀವು ಅಳಬೇಕೆಂದು ನಾನು ಕೇಳುವುದಿಲ್ಲ. ಮುಂದೆ ಹುಟ್ಟುವ ಕರು ಬದುಕಬೇಕು, ಅಷ್ಟನ್ನೇ ಕೇಳುತ್ತೇನೆ. ಅದಕ್ಕೆ ಬೇಕಾದದ್ದು ತಾಯಿಯ ಬಳಿ ಆಗಲೇ ಇದೆ. ನೀವು ನಡುವೆ ನಿಲ್ಲಬೇಡಿ.